ಕ್ರಿಸ್ಮಸ್ ಉಡುಗೊರೆಯೂ ಜನವರಿಯ ಖರ್ಚೂ

ಮಂಗಳೂರು ಕಡೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಡಿಸೆಂಬರಿನ ಸಂಬಳ ಒಂದೇ ಇದ್ದರೂ ಅದನ್ನು ಕಾಯುತ್ತಿರುವ ಖರ್ಚುಗಳು ಹಲವು. ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳಿಗೆ, ಸಕ್ಕರೆ, ಮೈದಾ, ಎಣ್ಣೆ ಬೇಕು. ಬಾಲಯೇಸುವಿನ ಗೊಂಬೆಯಿಡುವ ಗೋದಲಿಗೆ ದೀಪದ ಸರ ಬೇಕು. ಮಕ್ಕಳ ಬಟ್ಟೆ, ಹಬ್ಬದ ಊಟದ ಮಾಂಸ, ಊರಿಗೆ ಹೋಗಿ ಬರುವ ಬಸ್ಸಿನ ಹಣ ಎಲ್ಲವನ್ನೂ ಕಳೆದು ಉಳಿದುದರಲ್ಲಿ ಉಡುಗೊರೆಯ ಪಾಲು ಬರುತ್ತದೆ. ಇಬ್ಬರು ದುಡಿದರೂ ತಿಂಗಳ ಕೊನೆಯ ವಾರವನ್ನು ಲೆಕ್ಕ ಹಾಕಿಯೇ ದಾಟಬೇಕಾದ ಮನೆ ನಮ್ಮದು, ಮತ್ತು ನಾವು ಉಡುಗೊರೆ ಕೊಡುವ ಬಂಧುಗಳ ಮನೆಗಳೂ ಬಹುಪಾಲು ಹಾಗೆಯೇ ಇವೆ. ಆದ್ದರಿಂದ ಏನನ್ನಾದರೂ ಕೊಳ್ಳುವ ಮುನ್ನ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಮನೆಯವರು ಜನವರಿಯಲ್ಲಿ ಹೇಗೂ ಕೊಳ್ಳಬೇಕಾದ, ಆದರೆ ಕೈ ಬಿಗಿಯಾಗಿರುವುದರಿಂದ ಮುಂದೂಡುತ್ತಿರುವ ವಸ್ತು ಯಾವುದು? ಅದನ್ನೇ ಕೊಟ್ಟರೆ ನಾನು ಖರ್ಚು ಮಾಡಿದ ಇನ್ನೂರು ರೂಪಾಯಿ ಅವರ ಕೈಯಲ್ಲಿ ಇನ್ನೂರು ರೂಪಾಯಿಯಾಗಿಯೇ ಉಳಿಯುತ್ತದೆ.

ಉತ್ತರವನ್ನು ಅವರ ಮನೆಯಲ್ಲಿ, ಅದರಲ್ಲೂ ಅಡುಗೆಮನೆ ಮತ್ತು ಬಚ್ಚಲಿನಲ್ಲಿ ಹುಡುಕಬೇಕು. ನಮ್ಮ ದೊಡ್ಡಮ್ಮನ ಕುಕ್ಕರಿನ ಮುಚ್ಚಳದ ಅಂಚಿನಿಂದ ಸದಾ ಹಬೆ ಸೋರುತ್ತಿತ್ತು. ಸೀಟಿ ಬರಲು ತಡವಾಗುತ್ತಿತ್ತು, ಕುಚ್ಚಲಕ್ಕಿ ಬೇಯಲು ಇನ್ನೂ ತಡವಾಗುತ್ತಿತ್ತು, 14.2 ಕಿಲೋ ಸಿಲಿಂಡರ್ ಈ ಸಲ ಬೇಗ ಮುಗಿಯಿತೆಂದು ಅವರು ಹೇಳುತ್ತಲೇ ಇದ್ದರು. ಆದರೂ ಗ್ಯಾಸ್ಕೆಟ್ ತರಲು ಪೇಟೆಗೆ ಹೋಗುವ ದಿನ ಮಾತ್ರ ಬರಲೇ ಇಲ್ಲ. ಆ ವರ್ಷ ಅವರಿಗೆ ಹೊಸ ಗ್ಯಾಸ್ಕೆಟ್ಟನ್ನೂ ಅದರ ಜೊತೆಗೆ ಸೇಫ್ಟಿ ವಾಲ್ವನ್ನೂ ಕೆಂಪು ಕಾಗದದಲ್ಲಿ ಸುತ್ತಿ ಕೊಟ್ಟೆವು. ಇಂಥದ್ದನ್ನು ಕೊಡಬಯಸುವವರು ಕುಕ್ಕರಿನ ಕಂಪನಿ, ಎಷ್ಟು ಲೀಟರಿನದು, ಮುಚ್ಚಳ ಒಳಗೆ ಕೂರುವುದೇ ಅಥವಾ ಹೊರಗೆ ಕೂರುವುದೇ ಎಂಬುದನ್ನು ಮೊದಲೇ ನೋಡಿಟ್ಟುಕೊಂಡು, ಸಾಧ್ಯವಾದರೆ ಮುಚ್ಚಳದ ಒಳಬದಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಅಳತೆ ಸ್ವಲ್ಪ ತಪ್ಪಿದರೂ ಗ್ಯಾಸ್ಕೆಟ್ ಕೆಲಸಕ್ಕೆ ಬಾರದು. ಅದೇ ಕಂಪನಿಯ ಅಸಲಿ ಗ್ಯಾಸ್ಕೆಟ್ಟಿಗೇ ಹಣ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದು ಒತ್ತಡದಲ್ಲಿ ಕೆಲಸ ಮಾಡುವ ಪಾತ್ರೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್ಮಸ್ ಉಡುಗೊರೆಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಕೊಟ್ಟವರು ತೆತ್ತ ಬೆಲೆ ಎಷ್ಟು, ಪಡೆದವರು ಅದೇ ವಸ್ತುವಿಗೆ ಕಟ್ಟುವ ಬೆಲೆ ಎಷ್ಟು ಎಂದು ವಿದ್ಯಾರ್ಥಿಗಳನ್ನು ಕೇಳಿ ಲೆಕ್ಕ ಹಾಕಿದಾಗ, ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗಿನ ಮೌಲ್ಯ ನಡುವೆಯೇ ಕರಗಿಹೋಗುತ್ತದೆ ಎಂದು ಅವರು ಕಂಡುಕೊಂಡರು. ಸ್ನೇಹಿತರು ಕೊಟ್ಟದ್ದರಲ್ಲಿ ನಷ್ಟ ಕಡಿಮೆಯಿತ್ತು, ಅಷ್ಟಾಗಿ ಒಡನಾಟವಿಲ್ಲದ ಬಂಧುಗಳು ಕೊಟ್ಟದ್ದರಲ್ಲಿ ಹೆಚ್ಚಿತ್ತು. ವಸ್ತುವಿಗೆ ಅಂಟಿಕೊಂಡ ಪ್ರೀತಿಯ ಬೆಲೆಯನ್ನು ಅವರು ಲೆಕ್ಕದಿಂದ ಹೊರಗಿಟ್ಟಿದ್ದರಾದ್ದರಿಂದ, ಉಡುಗೊರೆ ಕೊಡುವುದೇ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಆದರೆ ಬಿಗಿಯಾದ ಸಂಸಾರಕ್ಕೆ ಆ ಮೂರನೇ ಒಂದು ಭಾಗ ಸಣ್ಣದಲ್ಲ. ಪ್ಲಾಸ್ಟಿಕ್ ಹೂದಾನಿ, ಮೂರನೆಯ ಗೋಡೆ ಗಡಿಯಾರ, ಯಾರೂ ನೀರು ಕುಡಿಯದ ಗಾಜಿನ ಲೋಟಗಳ ಸೆಟ್ಟು ಕಪಾಟಿನ ಮೇಲೆ ಸಾಲಾಗಿ ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಯಾರೋ ಕಷ್ಟಪಟ್ಟು ದುಡಿದ ಹಣ ಅಲ್ಲಿ ಸುಮ್ಮನೆ ಕುಳಿತಿದೆ ಎನ್ನಿಸುತ್ತದೆ.

ದಿನಬಳಕೆಯ ವಸ್ತು ಉಡುಗೊರೆಯೆನಿಸಬೇಕಾದರೆ ಅದು ಆ ಮನೆಯಲ್ಲಿ ಸಾಮಾನ್ಯವಾಗಿ ಕೊಳ್ಳುವುದಕ್ಕಿಂತ ಒಂದು ಮಟ್ಟ ಮೇಲಿರಬೇಕು. ಅಪ್ಪನಿಗೆ ಒಂದು ಬೈರಾಸು ಕೊಡುವುದಾದರೆ ಸಂತೆಯ ತೆಳು ಬೈರಾಸಿನ ಬದಲು ಕೈಮಗ್ಗದ ಒಳ್ಳೆಯ ಹತ್ತಿ ಬೈರಾಸು ಕೊಡಬೇಕು; ಎರಡಕ್ಕೂ ಇರುವ ವ್ಯತ್ಯಾಸ ಅರವತ್ತೋ ಎಪ್ಪತ್ತೋ ರೂಪಾಯಿ, ಆದರೆ ಮೈ ಒರೆಸಿಕೊಳ್ಳುವಾಗ ಆ ವ್ಯತ್ಯಾಸ ದಿನವೂ ತಿಳಿಯುತ್ತದೆ. ಓದುವ ಮಕ್ಕಳಿರುವ ಮನೆಗೆ ಕರೆಂಟು ಹೋದಾಗಲೂ ಉರಿಯುವ ಚಾರ್ಜಿಂಗ್ ಬಲ್ಬು, ಮೀನು ಕೊಯ್ಯುವ ಅತ್ತೆಗೆ ಹರಿತವಾದ ಕತ್ತಿ, ಬೀಡಿ ಕಟ್ಟುತ್ತ ಗಂಟೆಗಟ್ಟಲೆ ನೆಲದ ಮೇಲೆ ಕೂರುವ ಚಿಕ್ಕಮ್ಮನಿಗೆ ಹಳೆಯ ಸೀರೆಗಳನ್ನು ಮಡಚಿ ಹೊಲಿದ ದಪ್ಪ ಕೂರುವ ಮೆತ್ತೆ ಇವೆಲ್ಲ ಇದೇ ಬಗೆಯವು. ಆ ಮೆತ್ತೆಗೆ ನಮಗೆ ತಗಲಿದ್ದು ದಾರದ ಖರ್ಚು ಮಾತ್ರ.

ಕೈಯಿಂದ ಮಾಡಿದ ಉಡುಗೊರೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಮ್ಮ ಮಾಂಸದ ಸಾರಿಗೆ ಹಾಕುವ ಮಸಾಲೆ, ಬಾಫಾತ್ ಹುಡಿ. ಬಣ್ಣಕ್ಕೆ ಬ್ಯಾಡಗಿ ಮೆಣಸು, ಖಾರಕ್ಕೆ ಗಿಡ್ಡ ಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸು, ಅರಿಶಿನ ಇವಿಷ್ಟೇ ಅದರ ಸಾಮಗ್ರಿ. ಪ್ರಮಾಣ ಮಾತ್ರ ಮನೆಯಿಂದ ಮನೆಗೆ ಬೇರೆ, ಮತ್ತು ಪ್ರತಿ ಮನೆಯವರಿಗೂ ತಮ್ಮದೇ ಸರಿಯೆಂಬ ನಂಬಿಕೆ. ಡಿಸೆಂಬರಿನ ಮೊದಲ ವಾರದ ಒಣ ಬಿಸಿಲಿನಲ್ಲಿ ಎಲ್ಲವನ್ನೂ ಚೆನ್ನಾಗಿ ಒಣಗಿಸಿ ಮಿಲ್ಲಿಗೆ ಕೊಟ್ಟು, ಹುಡಿ ಪೂರ್ತಿ ಆರಿದ ಮೇಲೆ, ತೊಳೆದು ಬಿಸಿಲಿಗಿಟ್ಟ ಗಾಜಿನ ಬಾಟಲಿಗಳಲ್ಲಿ ತುಂಬುತ್ತೇವೆ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರೊಡೆದು ಹುಡಿ ಗಟ್ಟಿಯಾಗುತ್ತದೆ. ಇದನ್ನು ಹಬ್ಬದ ದಿನ ಕೊಡುವುದಕ್ಕಿಂತ ಹದಿನೈದನೇ ತಾರೀಖಿನೊಳಗೆ ಕೊಡುವುದು ಮೇಲು, ಏಕೆಂದರೆ ಕ್ರಿಸ್ಮಸ್ ಮಧ್ಯಾಹ್ನ ‘ಸಣ್ಣ’ ಎಂಬ ಇಡ್ಲಿಯಂಥ ತಿಂಡಿಯೊಂದಿಗೆ ಬಡಿಸುವ ಹಂದಿ ಬಾಫಾತಿಗೆ ಆ ಹುಡಿ ಬೇಕೇ ಬೇಕು. ಆಗ ಅವರು ಅಂಗಡಿಯಿಂದ ತರುವ ಹಣ ಉಳಿಯುತ್ತದೆ.

ಕುಸ್ವಾರಿನ ಮಾತು ಬೇರೆ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ ತುಂಬಿದ ತಟ್ಟೆಯನ್ನು ಜಾತಿ ಮತ ನೋಡದೆ ಅಕ್ಕಪಕ್ಕದ ಮನೆಗಳಿಗೆ ಕಳಿಸುವುದು ನಮ್ಮ ಕರಾವಳಿಯ ಹಳೆಯ ರೂಢಿ, ಅದನ್ನು ಖರ್ಚಿನ ಹೆಸರಿನಲ್ಲಿ ಬಿಡಲು ನನಗೆ ಮನಸ್ಸಿಲ್ಲ. ಆದರೆ 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಏರಿದ ಪರಿಯನ್ನು ಕಂಡ ಮೇಲೆ ಪ್ರತಿ ಮನೆಯೂ ಬೇರೆ ಬೇರೆ ಬಾಣಲೆ ಇಡುವುದು ದುಂದು ಎನ್ನಿಸಿತು. ಈಗ ನಾನು, ನನ್ನ ನಾದಿನಿ ಮತ್ತು ಎದುರುಮನೆಯ ಅಕ್ಕ ಒಂದೇ ಅಡುಗೆಮನೆಯಲ್ಲಿ ಸೇರುತ್ತೇವೆ. ಎಣ್ಣೆ ಒಂದೇ, ಕೊಕ್ಕಿಸಾಂ ಅಚ್ಚು ಒಂದೇ. ಮಕ್ಕಳು ಫೋರ್ಕಿನ ಬೆನ್ನಿನ ಮೇಲೆ ಹಿಟ್ಟೊತ್ತಿ ಕಿಡಿಯೊ ಸುರುಳಿ ಮಾಡುತ್ತಾರೆ. ಪ್ರತಿ ಮನೆಗೆ ಐದು ಬಗೆಯ ಬದಲು ಮೂರು ಬಗೆ ಹೋದರೆ ಯಾರೂ ಬೇಸರಿಸುವುದಿಲ್ಲ. ಹತ್ತಿರದ ಬಂಧುಗಳಿಗೆ ಮಾತ್ರ ಅದನ್ನು ಹೊಸ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ. ತಿಂಡಿ ವಾರದಲ್ಲಿ ಮುಗಿದರೂ ಡಬ್ಬಿ ಬೇಳೆಗೋ ಸಕ್ಕರೆಗೋ ವರ್ಷಗಟ್ಟಲೆ ದುಡಿಯುತ್ತದೆ.

ಮಕ್ಕಳ ವಿಷಯದಲ್ಲಿ ಈ ನಿಯಮವನ್ನು ನಾನು ಸಡಿಲಿಸುತ್ತೇನೆ. ಉಪಯೋಗದ ವಸ್ತುವನ್ನು ಮಾತ್ರ ಪಡೆದ ಮಗು ಹಬ್ಬವನ್ನು ಶಾಲೆಯ ತಯಾರಿಯೆಂದೇ ನೆನಪಿಟ್ಟುಕೊಳ್ಳುತ್ತದೆ, ಅದು ನ್ಯಾಯವಲ್ಲ. ಆದ್ದರಿಂದ ಒಂದು ಉಪಯೋಗಕ್ಕೆ, ಒಂದು ಖುಷಿಗೆ ಎಂದು ಎರಡನ್ನು ಜೊತೆ ಮಾಡುತ್ತೇವೆ. ಶಾಲಾ ವರ್ಷದ ನಡುವೆ ನೋಟ್‌ಬುಕ್ಕುಗಳು ಮುಗಿಯುವುದು ಸರಿಸುಮಾರು ಜನವರಿಯಲ್ಲೇ; 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರುಗಳ ಮೇಲಿನ ಜಿಎಸ್‌ಟಿ ತೆಗೆದಿರುವುದರಿಂದ ಒಂದು ಡಜನ್ ಕೊಳ್ಳುವಾಗ ಬಿಲ್ಲನ್ನು ನೋಡಿಯೇ ಕೊಳ್ಳಿ. ಅದರ ಜೊತೆಗೆ ಹಗ್ಗದಾಟದ ಹಗ್ಗ, ರಬ್ಬರ್ ಚೆಂಡು ಅಥವಾ ಬಣ್ಣದ ಪೆನ್ಸಿಲ್ಲಿನ ಡಬ್ಬಿ. ಓದುವ ಆಸೆಯಿರುವ ಹಳ್ಳಿಯ ಮಗುವಿಗೆ ಕಾಸಿಲ್ಲದೆ ಕೊಡಬಹುದಾದ ಇನ್ನೊಂದು ಉಡುಗೊರೆಯಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತ ಬಂದಿದ್ದಾರೆ. ಮಗುವನ್ನು ಕೈಹಿಡಿದು ಕರೆದೊಯ್ದು ಹೆಸರು ನೋಂದಾಯಿಸಿ, ಮೊದಲ ಪುಸ್ತಕವನ್ನು ಅದರೊಂದಿಗೆ ಕುಳಿತು ಓದುವ ಒಂದು ಮಧ್ಯಾಹ್ನವನ್ನು ಚಿಕ್ಕಪ್ಪನೋ ಸೋದರತ್ತೆಯೋ ಖಂಡಿತ ಕೊಡಬಹುದು.

ದೊಡ್ಡ ಕುಟುಂಬದಲ್ಲಿ ಉಡುಗೊರೆಗಳ ಸಂಖ್ಯೆಯೇ ದೊಡ್ಡ ಹೊರೆ. ಹನ್ನೆರಡು ಜನ ಪ್ರತಿಯೊಬ್ಬರಿಗೂ ಕೊಟ್ಟರೆ 132 ಉಡುಗೊರೆಗಳಾಗುತ್ತವೆ. ಚೀಟಿ ಎತ್ತಿ ಒಬ್ಬರು ಒಬ್ಬರಿಗೆ ಮಾತ್ರ ಕೊಟ್ಟರೆ ಹನ್ನೆರಡಕ್ಕೇ ಮುಗಿಯುತ್ತದೆ. ನಾವು ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ಭಾನುವಾರ ಚರ್ಚಿನ ಬಲಿಪೂಜೆ ಮುಗಿಸಿ ಬಂದು ಚೀಟಿ ಎತ್ತುತ್ತೇವೆ, ಮತ್ತು ಇನ್ನೂರೈವತ್ತು ರೂಪಾಯಿ ಮೀರಬಾರದೆಂದು ಎಲ್ಲರ ಎದುರಿಗೇ ಹೇಳಿಬಿಡುತ್ತೇವೆ. ಮಿತಿಯನ್ನು ಹಿರಿಯರಲ್ಲಿ ಹೆಚ್ಚು ಸಂಪಾದಿಸುವವರೇ ಹೇಳಿದರೆ ಎಲ್ಲರಿಗೂ ಹಗುರವಾಗುತ್ತದೆ. ಕಡಿಮೆ ಇರುವವರು ಬಾಯಿಬಿಟ್ಟು ಕೇಳುವ ಪ್ರಸಂಗ ಬರುವುದಿಲ್ಲ.

ಏಕೆಂದರೆ ಬಡತನಕ್ಕೆ ಮರ್ಯಾದೆಯ ಪ್ರಶ್ನೆಯೂ ಅಂಟಿಕೊಂಡಿದೆ. ನಮ್ಮಲ್ಲಿ ಮುಯ್ಯಿ ಎಂಬುದು ಮದುವೆಯ ಮನೆಗಷ್ಟೇ ಸೀಮಿತವಲ್ಲ. ನಾನು ಎರಡು ಸಾವಿರದ ಸೀರೆ ಕೊಟ್ಟರೆ ನನ್ನ ತಂಗಿ ಮುಂದಿನ ವರ್ಷ ಅದಕ್ಕೆ ಸಮನಾದದ್ದನ್ನು ಹೊಂದಿಸಲು ಸಂಘದಿಂದ ಸಾಲ ಎತ್ತಬೇಕಾಗಬಹುದು; ಅಂಥ ಸೀರೆ ಅವಳ ಪಾಲಿಗೆ ಉಡುಗೊರೆಯಾಗಿ ಉಳಿಯುವುದಿಲ್ಲ. ಇನ್ನೂರರ ವಸ್ತುವಿಗೆ ಅವಳು ಒಂದು ಬಾಟಲಿ ಉಪ್ಪಿನಕಾಯಿಯಿಂದ ನಿಶ್ಚಿಂತೆಯಾಗಿ ಮುಯ್ಯಿ ತೀರಿಸಬಲ್ಲಳು. ಸಾಂತಾ ಕ್ಲಾಸ್ ಎಂಬ ಕಲ್ಪನೆಗೆ ಮೂಲನಾದ ಸಂತ ನಿಕೋಲಸ್ ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದ ಬಿಷಪ್ ಆಗಿದ್ದವರು. ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಹೊಂದಿಸಲಾಗದ ಬಡ ತಂದೆಯ ಮನೆಯೊಳಗೆ ಅವರು ರಾತ್ರಿಯ ಹೊತ್ತು ಚಿನ್ನದ ಗಂಟನ್ನು ಎಸೆದರೆಂಬ ಕಥೆಯನ್ನು ಡಿಸೆಂಬರ್ 6ರ ಅವರ ಹಬ್ಬದಂದು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಆ ಮನೆಗೆ ಆ ದಿನ ಬೇಕಾಗಿದ್ದುದನ್ನೇ, ಅದೂ ತೆಗೆದುಕೊಂಡವರು ತಲೆತಗ್ಗಿಸದ ಹಾಗೆ ಕೊಟ್ಟದ್ದು ಅವರ ಹೆಚ್ಚುಗಾರಿಕೆ. ಅದಕ್ಕಾಗಿಯೇ ತೀರಾ ಕಷ್ಟದಲ್ಲಿರುವ ಬಂಧುಗಳಿಗೆ ಅಕ್ಕಿ ಬೇಳೆಯ ಚೀಲವನ್ನು ಎಲ್ಲರ ಮುಂದೆ ಕೊಡಬಾರದು. ಹಬ್ಬದಂದು ಎಲ್ಲರಿಗೂ ಕೊಡುವಂಥದ್ದನ್ನೇ ಅದೇ ಕಾಗದದಲ್ಲಿ ಸುತ್ತಿ ಅವರಿಗೂ ಕೊಡಿ. ಉಳಿದ ನೆರವನ್ನು ಬೇರೊಂದು ದಿನ, ಬಾಗಿಲು ಹಾಕಿಕೊಂಡು ಮಾತಾಡಿ ಮಾಡಿ.

ಹಣವೇ ಇಲ್ಲದ ವರ್ಷಗಳಲ್ಲಿ ನಾವು ಕೆಲಸವನ್ನು ಕೊಟ್ಟಿದ್ದೇವೆ. ಹೊಲಿಗೆ ಯಂತ್ರವಿರುವ ನಾದಿನಿ ಎಲ್ಲರ ಸೀರೆಗಳಿಗೂ ಫಾಲ್ಸ್ ಹಚ್ಚಿಕೊಟ್ಟಳು. ನನ್ನ ಗಂಡ ಮಾವನವರನ್ನು ಉಚಿತ ಕಣ್ಣು ತಪಾಸಣೆ ಶಿಬಿರಕ್ಕೆ ಕರೆದುಕೊಂಡು ಹೋಗಿ, ಸರದಿಯಲ್ಲಿ ನಿಂತು, ಕನ್ನಡಕದ ಚೀಟಿ ಬರೆಸಿಕೊಂಡು ಬಂದರು. ಇಂಥ ಉಡುಗೊರೆಯನ್ನು ಒಂದು ಕಾಗದದ ಮೇಲೆ ದಿನಾಂಕ ಸಮೇತ ಬರೆದು ಲಕೋಟೆಯಲ್ಲಿಟ್ಟು ಕೊಡಬೇಕು. ‘ಯಾವಾಗಲಾದರೂ ಬರುತ್ತೇನೆ’ ಎಂದರೆ ಆ ದಿನ ಬರುವುದೇ ಇಲ್ಲ. ಜನವರಿ ಎರಡನೇ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದರೆ ಮಾವನವರು ಅಂಗಿ ಇಸ್ತ್ರಿ ಮಾಡಿಸಿಟ್ಟುಕೊಂಡು ಕಾಯುತ್ತಾರೆ.