ಗೆಲಾಕ್ಸಿಯ ತೋಳು ಯಾಕೆ ಸುತ್ತಿಕೊಂಡು ಹೋಗಿಲ್ಲ?

ಜನವರಿ ಬಂತು ಅಂದ್ರೆ ಕೊಡಗಿನಲ್ಲಿ ರಾತ್ರಿ ಕಾಫಿ ಕಣ ಕಾಯುವ ಕೆಲಸ ಇದ್ದದ್ದೇ. ಮೊನ್ನೆ ಬೆಂಕಿ ಹಾಕಿಕೊಂಡು ಕೂತಿದ್ದಾಗ ಅಣ್ಣನ ಮಗಳು ಮೊಬೈಲಿನಲ್ಲಿ ಸುರುಳಿ ಗೆಲಾಕ್ಸಿಯ, ಅಂದರೆ ನಡುವಿನಿಂದ ತೋಳುಗಳು ಬಾಗಿ ಹೊರಟಂತೆ ಕಾಣುವ ನಕ್ಷತ್ರಗಳ ಭಾರಿ ಗುಂಪಿನ ಚಿತ್ರ ತೋರಿಸಿ, "ಚಿಕ್ಕಪ್ಪ, ಇದು ತಿರುಗ್ತಾನೇ ಇದ್ರೆ ಇಷ್ಟೊತ್ತಿಗೆ ಬಿಗಿಯಾಗಿ ಸುತ್ತಿಕೊಂಡು ಸುರುಳಿನೇ ಕಾಣಬಾರದಿತ್ತು, ಅಲ್ವಾ?" ಅಂದಳು.

ಎಂಥಾ ಪ್ರಶ್ನೆ! ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ್ದೂ ಇದೇ. ಗೆಲಾಕ್ಸಿ ಗಾಡಿಯ ಚಕ್ರದ ಹಾಗೆ ಒಟ್ಟಿಗೆ ತಿರುಗುವುದಿಲ್ಲ. ಒಳಗಿನ ನಕ್ಷತ್ರಕ್ಕೂ ಹೊರಗಿನದಕ್ಕೂ ವೇಗ ಹೆಚ್ಚುಕಡಿಮೆ ಒಂದೇ, ಆದರೆ ಒಳಗಿನದಕ್ಕೆ ದಾರಿ ಚಿಕ್ಕದು, ಹಾಗಾಗಿ ಸುತ್ತು ಬೇಗ ಮುಗಿಯುತ್ತದೆ. ನಮ್ಮ ಸೂರ್ಯನಿಗೆ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ ಬೇಕು. ಹುಟ್ಟಿ 460 ಕೋಟಿ ವರ್ಷ ಆಯ್ತು, ಅಂದರೆ 20 ಸುತ್ತು. ತೋಳಿನಲ್ಲಿ ಯಾವಾಗಲೂ ಅವೇ ನಕ್ಷತ್ರಗಳು ಇರುವುದಾದರೆ ಅದು ಎಂದೋ ಹಗ್ಗದ ಸಿಂಬಿಯಂತೆ ಸುತ್ತಿಹೋಗಬೇಕಿತ್ತು.

ಉತ್ತರ ಕಣದಲ್ಲೇ ಇತ್ತು. ಹಣ್ಣು ಒಣಗಲಿ ಅಂತ ನಾವು ಹಲಗೆಯಲ್ಲಿ ಎಳೆದು ಸಾಲು ಮಾಡುತ್ತೇವಲ್ಲ, ಆ ಒಂದು ಸಾಲಿನ ಮುಂದೆ ಒಂದು ಹಿಡಿ ಹಸಿರು ಕಾಯಿ ಹಾಕಿದೆ. ಟಾರ್ಚ್ ಅವಳ ಕೈಗೆ ಕೊಟ್ಟು ನಾಲ್ಕು ಸಲ ಹಲಗೆ ಎಳೆದೆ. ಸಾಲು ಮುಂದೆ ಹೋಯಿತು, ಹಸಿರು ಕಾಯಿಗಳಲ್ಲಿ ಹೆಚ್ಚಿನವು ಹಿಂದೆಯೇ ಬಿದ್ದಿದ್ದವು. "ಸಾಲು ಅದೇ, ಹಣ್ಣು ಬೇರೆ!" ಅಂತ ಅವಳೇ ಹೇಳಿದಳು.

1964ರಲ್ಲಿ ಲಿನ್ ಮತ್ತು ಶೂ ಅನ್ನುವ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದ್ದು ಇದನ್ನೇ. ತೋಳು ಅಂದರೆ ಒಂದು ಅಲೆ, ನಕ್ಷತ್ರಗಳು ಸ್ವಲ್ಪ ಒತ್ತೊತ್ತಾಗುವ ಜಾಗ. ಆ ದಟ್ಟಣೆಯ ಗುರುತ್ವ ಬರುವ ನಕ್ಷತ್ರಗಳನ್ನೂ ಅನಿಲವನ್ನೂ ತುಸು ಹಿಡಿದು ನಿಧಾನಿಸುತ್ತದೆ, ಆಮೇಲೆ ಅವು ದಾಟಿಹೋಗುತ್ತವೆ. ಕಣದಲ್ಲಿ ಸಾಲು ಹಣ್ಣನ್ನು ದಾಟಿತು, ಗೆಲಾಕ್ಸಿಯ ಒಳಭಾಗದಲ್ಲಿ ನಕ್ಷತ್ರಗಳೇ ಜೋರಾಗಿ ಓಡಿ ತೋಳನ್ನು ದಾಟುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಮಾತು. ತೋಳುಗಳ ನಡುವೆ ಖಾಲಿ ಇಲ್ಲ, ಅಲ್ಲೂ ಬೇಕಾದಷ್ಟು ನಕ್ಷತ್ರಗಳಿವೆ. ತೋಳು ಹೊಳೆಯುವುದು ಯಾಕೆಂದರೆ ಅಲ್ಲಿಗೆ ಬಂದ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ, ಅದರಲ್ಲಿ ದೊಡ್ಡ ನೀಲಿ ನಕ್ಷತ್ರಗಳು ಭಾರಿ ಬೆಳಕು ಕೊಟ್ಟು, ತೋಳು ಬಿಟ್ಟು ದೂರ ಹೋಗುವ ಮೊದಲೇ ಉರಿದು ಮುಗಿದುಹೋಗುತ್ತವೆ.

ಎಲ್ಲ ಸುರುಳಿಗೂ ಇದೊಂದೇ ಕಾರಣ ಅಲ್ಲ. ಪಕ್ಕದ ಗೆಲಾಕ್ಸಿ ಎಳೆದು ತೋಳು ಮೂಡುವುದೂ ಉಂಟು.

ಆಮೇಲೆ ವಾಯುವ್ಯದ ಕಡೆ ಆಂಡ್ರೋಮಿಡಾ ಗೆಲಾಕ್ಸಿ ತೋರಿಸಿದೆ. ಅದೂ ಸುರುಳಿಯೇ, ಬರಿಗಣ್ಣಿಗೆ ಮಾತ್ರ ಒಂದು ಮಂಕು ಮಚ್ಚೆ. ಆ ಬೆಳಕು ಹೊರಟು 25 ಲಕ್ಷ ವರ್ಷ ಆಯ್ತು ಅಂದೆ. ಅವಳು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಅಂತ ಬೆಂಕಿಗೆ ಬೆನ್ನು ಹಾಕಿ, ಕಂಬಳಿ ಹೊದ್ದು ಕೂತಳು.