ಹಳೇ ಡೀಸೆಲ್ ಸೆಡಾನ್: ಐದನೇ ಭಾನುವಾರ

ಗಾಡಿಯ ತೊಂದರೆ ಎಲ್ಲಿದೆ ಅಂತ ಕೊನೆಗೂ ಸಿಕ್ಕಿತು. ಮೂರು ವಾರ ಟರ್ಬೋಗೆ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಬೈದುಕೊಂಡು ಓಡಾಡಿದೆ. ಪಾಪ, ಅದರ ತಪ್ಪೇ ಇರಲಿಲ್ಲ.

ಗಾಡಿ 2012ರ ಮಾಡೆಲ್. 1,34,000 ಕಿ.ಮೀ. ಓಡಿದೆ, ನಾನು ಮೂರನೇ ಓನರ್. ಬಳ್ಳಾರಿ ಊರೊಳಗೆ ಏನೂ ತಕರಾರಿಲ್ಲ. ಹೊಸಪೇಟೆ ರೋಡಲ್ಲಿ ಕುಡಿತಿನಿ ದಾಟಿ, ಅದಿರು ಲಾರಿಯನ್ನು ಓವರ್‌ಟೇಕ್ ಮಾಡೋಣ ಅಂತ ಒತ್ತಿದರೆ ಮಾತ್ರ ಪಿಕಪ್ಪೇ ಇಲ್ಲ. ಹಿಂದೆ ಕರಿ ಹೊಗೆ, ಬಾನೆಟ್ ಒಳಗಿಂದ ಉಸ್ ಅನ್ನುವ ಸದ್ದು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಐದೇ ನಿಮಿಷಕ್ಕೆ ‘ಟರ್ಬೋ ಹೋಗಿದೆ, 32,000 ಆಗುತ್ತೆ’ ಅಂದರು. ಮನಸ್ಸು ಒಪ್ಪಲಿಲ್ಲ. ಕೌಲ್ ಬಜಾರ್‌ನ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ಅವರು ಪೈಪ್ ಬಿಚ್ಚಿ, ಟರ್ಬೋ ಒಳಗಿನ ಫ್ಯಾನಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಆಚೀಚೆ ಕೂದಲೆಳೆಯಷ್ಟು ಪ್ಲೇ (ಸಡಿಲ) ಇತ್ತು, ಅಷ್ಟು ಇರಬೇಕಾದದ್ದೇ. ಹಿಂದೆ ಮುಂದೆ ಎಳೆದರೆ ಅಲುಗಲಿಲ್ಲ. ರೆಕ್ಕೆ ಎಲ್ಲೂ ಉಜ್ಜಿರಲಿಲ್ಲ.

“ಇದು ಗಟ್ಟಿ ಐತಿ ತಮ್ಮಾ. ಗಾಳಿ ಎಲ್ಲೋ ಸೋರಾಕತ್ತೈತಿ.”

ಟರ್ಬೋದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿದರು. ನೋಡೋಕೆ ಚೆನ್ನಾಗಿಯೇ ಇತ್ತು. ಕೈಯಲ್ಲಿ ಬಗ್ಗಿಸಿದಾಗ ಕ್ಲಿಪ್ಪಿನ ಪಕ್ಕದಲ್ಲೇ ಅರ್ಧ ಇಂಚು ಸೀಳು ಬಾಯಿ ಬಿಟ್ಟಿತು. ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಅದಕ್ಕೇ ನಿಂತ ಗಾಡಿಯಲ್ಲಿ ಯಾರಿಗೂ ಕಂಡಿಲ್ಲ. ಪ್ರೆಷರ್ ಏರಿದಾಗಷ್ಟೇ ಸೋರುತ್ತಿತ್ತು. ಸೆನ್ಸರ್ ಅಳೆದ ಗಾಳಿಯ ಲೆಕ್ಕಕ್ಕೇ ಡೀಸೆಲ್ ಬೀಳುತ್ತೆ; ಆ ಗಾಳಿ ದಾರಿಯಲ್ಲೇ ಸೋರಿ ಹೋದರೆ ಎಂಜಿನ್‌ಗೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಕರಿ ಹೊಗೆ ಬರದೆ ಇನ್ನೇನು ಬರುತ್ತೆ? ನೀಲಿ ಹೊಗೆ ಬಂದಿದ್ದರೆ ಆಯಿಲ್ ಸುಡುತ್ತಿದೆ ಅಂತ ನಿಜವಾಗಿ ಹೆದರಬೇಕಿತ್ತು.

ಹೊಸ ಹೋಸ್ 1,400 ರೂಪಾಯಿ.

ಹೇಗೂ ಬಿಚ್ಚಿದ್ದೇವೆ ಅಂತ ಇಜಿಆರ್ ವಾಲ್ವನ್ನೂ (ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ ಒಳಗೇ ಕಳಿಸುವ ವಾಲ್ವ್) ತೆಗೆದೆವು. ಒಳಗೆ ಒಲೆ ಮಸಿಗೆ ಎಣ್ಣೆ ಕಲಸಿದ ಹಾಗೆ ಕಾರ್ಬನ್, ವಾಲ್ವ್ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಹಳೇ ಓನರ್ ಗಾಡಿಯನ್ನು ಮನೆ, ಅಂಗಡಿ ಬಿಟ್ಟು ಬೇರೆಲ್ಲೂ ಒಯ್ದಿಲ್ಲ ಅನ್ಸುತ್ತೆ, ಬರೀ ಹತ್ತಿರದ ಓಡಾಟಕ್ಕೆ ಹೀಗೇ ಮಸಿ ಕೂರುತ್ತೆ. ಕ್ಲೀನರ್ ಹೊಡೆದು ಬ್ರಷ್‌ನಲ್ಲಿ ಉಜ್ಜಿ ಹೊಸ ಗ್ಯಾಸ್ಕೆಟ್ ಹಾಕಿದೆವು. ಪ್ಲೇಟ್ ಹಾಕಿ ಬ್ಲಾಕ್ ಮಾಡಿಬಿಡು ಅಂದ ಗೆಳೆಯನ ಮಾತು ಕೇಳಲಿಲ್ಲ. ಬ್ಲಾಕ್ ಮಾಡಿದರೆ ಹೆಚ್ಚಾಗುವ ವಿಷಗಾಳಿ ಕುಡಿಯೋದು ನಮ್ಮ ಬೀದಿಯವರೇ ಅಲ್ವಾ.

ಏರ್ ಫಿಲ್ಟರ್ ಕಥೆ ಹೇಳೋದೇ ಬೇಡ. ನೆಲಕ್ಕೆ ಕುಟ್ಟಿದರೆ ಕುಂಕುಮದ ಹಾಗೆ ಕೆಂಪು ಧೂಳು ಉದುರಿತು. ತೋರಣಗಲ್ಲು, ಸಂಡೂರು ಕಡೆಯ ಅದಿರು ಧೂಳಲ್ಲಿ ಓಡಾಡುವ ಗಾಡಿಗೆ ಫಿಲ್ಟರ್ ಬದಲಿಸೋಕೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಡೆಯಲ್ಲ. ಡೀಸೆಲ್ ಫಿಲ್ಟರ್‌ನಿಂದಲೂ ಅರ್ಧ ಲೋಟ ನೀರು ಬಂತು.

ಸಂಜೆ ಕುಡಿತಿನಿವರೆಗೆ ಹೋಗಿ ಬಂದೆ. ಮೂರನೇ ಗೇರ್, 2,000 ಆರ್‌ಪಿಎಂ, ಬೆನ್ನು ಸೀಟಿಗೆ ಅಂಟಿತು. ಕನ್ನಡಿಯಲ್ಲಿ ಹೊಗೆ ಇಲ್ಲ.

ಚಳಿಯಲ್ಲಿ ಸ್ಟಾರ್ಟ್ ಆಗೋಕೆ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ಬಾಕಿ ಇವೆ. ನಾಲ್ಕರಲ್ಲಿ ಎರಡು ಸತ್ತಿವೆ, ಈ ಬಿಸಿಲಲ್ಲಿ ಅವಿಲ್ಲದೆಯೂ ಗಾಡಿ ಸ್ಟಾರ್ಟ್ ಆಗುತ್ತಿದೆ. ಡಿಸೆಂಬರ್‌ಗೆ ಮುಂಚೆ ನೋಡೋಣ.