ತೊರೆಯ ಆಮ್ಲಜನಕ: ಆರನೇ ವಾರದ ವರದಿ

ರಾಷ್ಟ್ರೀಯ ಉದ್ಯಾನದೊಳಗೆ ಪದವಿ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿರುವ ಹತ್ತು ವಾರಗಳ ಬೇಸಿಗೆ ಸಂಶೋಧನಾ ತರಬೇತಿಯಲ್ಲಿ ಇದು ಆರನೇ ವಾರ. ಪ್ರವಾಸಿಗರು ಡೇರೆ ಹಾಕುವ ಬಯಲಿನಿಂದಾಗಿ ಪಕ್ಕದ ತೊರೆಯ ನೀರು ಕೆಡುತ್ತಿದೆಯೇ ಎಂಬುದು ನನಗೂ ನನ್ನ ಜೊತೆಗಾರ್ತಿಗೂ ವಹಿಸಿರುವ ಪ್ರಶ್ನೆ. ಬಯಲಿಗಿಂತ ಮೇಲೆ ಒಂದು, ಕೆಳಗೆ ಒಂದು ತಾಣ ಗುರುತಿಸಿಕೊಂಡು, ಎರಡೂ ಕಡೆ ನೀರಿನ ಉಷ್ಣತೆ, ಆಮ್ಲೀಯತೆ ಮತ್ತು ಕರಗಿದ ಆಮ್ಲಜನಕವನ್ನು ಅಳೆಯುವುದರ ಜೊತೆಗೆ ತಳದ ಕಲ್ಲುಗಳ ನಡುವೆ ವಾಸಿಸುವ ಕೀಟಗಳನ್ನು ಬಲೆಯಲ್ಲಿ ಹಿಡಿದು ಎಣಿಸುತ್ತಿದ್ದೇವೆ.

ನಾಲ್ಕನೇ ವಾರದ ಕೊನೆಗೆ ನಮ್ಮ ಬಳಿ ಸೊಗಸಾದ ಉತ್ತರವೊಂದಿತ್ತು. ಕೆಳಗಿನ ತಾಣದಲ್ಲಿ ಆಮ್ಲಜನಕವು ಲೀಟರಿಗೆ ಸರಾಸರಿ 0.6 ಮಿಲಿಗ್ರಾಂ ಕಡಿಮೆಯಿತ್ತು. ಡೇರೆಗಳೇ ಕಾರಣ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು.

ಆ ತೀರ್ಪಿಗೆ ಅಡ್ಡ ಬಂದದ್ದು ಕೀಟಗಳು. ಬಿಳಿ ಟ್ರೇಯಲ್ಲಿ ಒಂದು ಬೆರಳಗಲ ನೀರು ಹಾಕಿ, ಬಲೆಯಲ್ಲಿ ಸಿಕ್ಕ ಕಸವನ್ನು ಚಿಮುಟದಿಂದ ಬಿಡಿಸುತ್ತ ಹೋದರೆ ಮೊದಲು ಎಲ್ಲವೂ ಕೊಳೆತ ಎಲೆಯಂತೆಯೇ ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತರೆ ಎಲೆಯ ಚೂರೊಂದು ನಡೆಯತೊಡಗುತ್ತದೆ. ಬಾಲದಲ್ಲಿ ಎರಡು ಎಳೆ, ಪ್ರತಿ ಕಾಲಿನ ತುದಿಯಲ್ಲಿ ಎರಡು ಉಗುರು ಇದ್ದರೆ ಅದು ಸ್ಟೋನ್‌ಫ್ಲೈ ಮರಿ. ಒಂದೇ ಉಗುರು, ಹೊಟ್ಟೆಯ ಅಂಚಿನಲ್ಲಿ ಕಿವಿರುಗಳು, ಸಾಮಾನ್ಯವಾಗಿ ಮೂರು ಎಳೆಗಳಿದ್ದರೆ ಮೇಫ್ಲೈ. ಸ್ಟೋನ್‌ಫ್ಲೈ ಮರಿಗಳು ತಣ್ಣಗಿನ, ಆಮ್ಲಜನಕ ತುಂಬಿದ ನೀರನ್ನು ಬಯಸುವಂಥವು. ಅವು ಕೆಳಗಿನ ತಾಣದಲ್ಲಿಯೂ ಮೇಲಿನಷ್ಟೇ ಸಿಕ್ಕವು. ನಾವು ಅಲ್ಲಿ ಹತ್ತು ನಿಮಿಷ ನಿಂತು ಬರುವವರು, ಅವು ತಿಂಗಳುಗಟ್ಟಲೆ ಅಲ್ಲೇ ಇರುವಂಥವು. ಯಾರ ಮಾತನ್ನು ನಂಬಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ.

ಮಾರ್ಗದರ್ಶಕರು ಟಿಪ್ಪಣಿ ಪುಸ್ತಕ ತರಿಸಿಕೊಂಡು ಸಮಯದ ಕಾಲಮಿನ ಮೇಲೆ ಬೆರಳಿಟ್ಟರು. ನಾವು ಪ್ರತಿ ಬಾರಿಯೂ ಮೇಲಿನ ತಾಣವನ್ನು ಬೆಳಿಗ್ಗೆ ಎಂಟೂವರೆಗೆ, ಕೆಳಗಿನದನ್ನು ಮಧ್ಯಾಹ್ನದ ಹೊತ್ತಿಗೆ ಅಳೆದಿದ್ದೆವು. ಅಷ್ಟರಲ್ಲಿ ನೀರು 14 ಡಿಗ್ರಿಯಿಂದ 17 ಡಿಗ್ರಿ ಸೆಲ್ಸಿಯಸ್‌ಗೆ ಏರಿರುತ್ತಿತ್ತು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 10.1 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದು 9.1ಕ್ಕೆ ಇಳಿಯುತ್ತದೆ. ನಮ್ಮ ಅಂಕಿಗಳನ್ನು ಶೇಕಡಾ ಸಂತೃಪ್ತತೆಗೆ, ಅಂದರೆ ಆ ಉಷ್ಣತೆಯ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕದಲ್ಲಿ ಎಷ್ಟು ಪಾಲು ನಿಜಕ್ಕೂ ಇದೆ ಎಂಬ ಲೆಕ್ಕಕ್ಕೆ, ಪರಿವರ್ತಿಸಿದಾಗ ಎರಡೂ ತಾಣಗಳು ಶೇ. 96ರ ಆಸುಪಾಸಿಗೆ ಬಂದು ನಿಂತವು. ಆ 0.6 ಡೇರೆಗಳದ್ದಲ್ಲ, ಗಡಿಯಾರದ್ದು.

ಇನ್ನೊಂದು ತಪ್ಪೂ ಅಲ್ಲೇ ಹೊರಬಿತ್ತು. ತೊರೆಯಲ್ಲಿ ಕೆಲಸ ಮಾಡುವವರು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಇಲ್ಲವಾದರೆ ತಾವೇ ಕಲಕಿದ ಕೆಸರು ಮುಂದಿನ ತಾಣಕ್ಕೆ ಹರಿದು ಬರುತ್ತದೆ. ಇದನ್ನು ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಮೇಲಿನ ತಾಣಕ್ಕೆ ವಾಹನ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ನಾವು ಅಲ್ಲಿಂದ ಆರಂಭಿಸಿ ಇಳಿದು ಬರುತ್ತಿದ್ದೆವು.

ಈ ವಾರ ಇನ್ನೊಂದು ತಂಡದ ಮಾಪಕವನ್ನು ಎರವಲು ಪಡೆದೆವು. ಎರಡು ಮಾಪಕಗಳು ಒಂದೇ ಮಾತು ಹೇಳುತ್ತವೆ ಎಂದು ನಂಬುವಂತಿಲ್ಲವಾದ್ದರಿಂದ, ಹಿಂದಿನ ರಾತ್ರಿ ಎರಡನ್ನೂ ಒಂದೇ ಬಕೆಟ್‌ ನೀರಿನಲ್ಲಿ ಅರ್ಧ ಗಂಟೆ ಇಳಿಬಿಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಬರೆದುಕೊಂಡೆವು. ಮರುದಿನ ಬೆಳಗಿನ ಐದರಿಂದ ಸಂಜೆ ಏಳರವರೆಗೆ, ಒಬ್ಬೊಬ್ಬರು ಒಂದೊಂದು ತಾಣದಲ್ಲಿ ಕುಳಿತು, ನೀರಿಗೆ ಇಳಿಯದೆ ದಡದಿಂದಲೇ ಗಂಟೆಗೊಮ್ಮೆ ಅಳೆದೆವು. ಸಸ್ಯಗಳೂ ಸೂಕ್ಷ್ಮಜೀವಿಗಳೂ ರಾತ್ರಿಯಿಡೀ ಉಸಿರಾಡಿದ ಮೇಲೆ, ಅಂದರೆ ಬೆಳಕು ಹರಿಯುವ ಮುನ್ನ, ಸಂತೃಪ್ತತೆ ಅತಿ ಕಡಿಮೆಯಿರಬೇಕೆಂಬುದು ನಿರೀಕ್ಷೆ; ನಮಗೆ ಸಿಕ್ಕಿದ್ದು ಶೇ. 94. ಮಧ್ಯಾಹ್ನ ಎರಡು ಗಂಟೆಗೆ ಅದು 97ಕ್ಕೆ ಏರಿತು, ಅಷ್ಟೇ. ಮರಗಳ ನೆರಳು ದಟ್ಟವಾಗಿರುವುದರಿಂದ ಕಲ್ಲುಗಳ ಮೇಲೆ ಪಾಚಿ ಹೆಚ್ಚು ಬೆಳೆಯುವುದಿಲ್ಲ, ಹಾಗಾಗಿ ಏರಿಳಿತವೂ ಸಣ್ಣದು. ಎರಡು ತಾಣಗಳ ನಡುವೆ ಯಾವ ಗಂಟೆಯಲ್ಲಿಯೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಹಳೆಯ ಆಮ್ಲಜನಕದ ಸಾಲುಗಳನ್ನು ಅಳಿಸಿಬಿಡಲೇ ಎಂದು ಕೇಳಿದ್ದಕ್ಕೆ ಮಾರ್ಗದರ್ಶಕರು ಬೇಡವೆಂದರು. ಪ್ರತಿ ಸಾಲಿನ ಮುಂದೆ ಕಾರಣ ಬರೆದು ಹಾಗೆಯೇ ಉಳಿಸಿದ್ದೇವೆ. ಕೀಟಗಳ ಎಣಿಕೆಯೂ ಸದ್ಯಕ್ಕೆ ಉಳಿದಿದೆ, ಆದರೆ ಕಲಕಿದ ನೀರಿನಲ್ಲಿ ಮೇಲಿನ ಮರಿಗಳು ತೇಲಿ ಕೆಳಗಿನ ಬಲೆಗೆ ಸೇರಿರಬಹುದೆಂಬ ಶಂಕೆ ನನ್ನದು. ಸೋಮವಾರ ಕೆಳಗಿನ ತಾಣದಿಂದ ಆರಂಭಿಸಿ ಹೊಸದಾಗಿ ಬಲೆ ಹಿಡಿಯಲಿದ್ದೇವೆ.